ಬಂಡಿಗೆ ಕಮಾನು ಬಂದ ಬಗೆ

ಗಾಲಿಯ ಚರಿತ್ರೆಯನ್ನು ಕುರಿತು ಬರೆದವರು ಅನೇಕರು. ಆದರೆ ಗಾಲಿಗೂ ಅದರ ಮೇಲೆ ಕುಳಿತವನಿಗೂ ನಡುವೆ ಇರುವ ಅಲ್ಪ ಅಂತರದ ಚರಿತ್ರೆಯನ್ನು ಕುರಿತು ಬರೆದವರು ವಿರಳ. ಗಾಲಿ ಉರುಳಲು ಮೊದಲಾಗಿ ಐದು ಸಾವಿರ ವರ್ಷಗಳಾದರೂ ಕಳೆದಿವೆ. ಬಂಡಿಯ ಒಡಲನ್ನು ಉಕ್ಕಿನ ಕಮಾನಿನ ಮೇಲೆ ಸುಸ್ಥಿರವಾಗಿ ಕೂರಿಸುವ ವಿದ್ಯೆ ಕೈವಶವಾಗಿ ಇನ್ನೂರು ಚಿಲ್ಲರೆ ವರ್ಷಗಳು ಮಾತ್ರ ಸಂದಿವೆ. ಇಷ್ಟು ದೀರ್ಘಕಾಲ ಮನುಷ್ಯನು ಆ ಕುಲುಕಾಟವನ್ನು ಏಕೆ ಸಹಿಸಿದನು, ಅದನ್ನು ನಿವಾರಿಸಿದಾಗ ಆ ಸುಖದ ಪಾಲು ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬ ಪ್ರಶ್ನೆಗಳು ವಿಚಾರಾರ್ಹವಾಗಿವೆ.

ನಮ್ಮ ನಾಡಿನ ಎತ್ತಿನ ಬಂಡಿಯ ರಚನೆಯನ್ನು ಮೊದಲು ಅವಲೋಕಿಸಬಹುದು. ಎರಡು ಗಾಲಿ, ಅವುಗಳನ್ನು ಕೂಡಿಸುವ ಅಚ್ಚು, ಅಚ್ಚಿನ ಮೇಲೆ ನೇರವಾಗಿ ಬಿಗಿದ ಚೌಕಟ್ಟು, ಅಲ್ಲಿಂದ ಮುಂಚಾಚಿದ ಮೂಕಿ, ಮೂಕಿಯ ತುದಿಗೆ ನೊಗ. ಗಾಲಿಯು ಕಲ್ಲನ್ನು ಹತ್ತಿದರೆ ಅಚ್ಚು ಏಳುತ್ತದೆ. ಅಚ್ಚಿನೊಡನೆ ಚೌಕಟ್ಟೂ ಅದರ ಮೇಲಿನ ಸಮಸ್ತ ಭಾರವೂ ಏಳುತ್ತವೆ. ಕಲ್ಲನ್ನು ಇಳಿದಾಗ ಎಲ್ಲವೂ ಒಮ್ಮೆಗೇ ಕುಕ್ಕರಿಸುತ್ತವೆ. ಆ ಪೆಟ್ಟು ಮೂಕಿಯ ಮೂಲಕ ಎತ್ತಿನ ಹೆಗಲಿಗೂ ತಲುಪದೆ ಇರುವುದಿಲ್ಲ. ದೂರದ ಜಾತ್ರೆಗೆ ಹೊರಟ ಸಂಸಾರವು ಬಂಡಿಯಲ್ಲಿ ಮೊಳದುದ್ದ ಹುಲ್ಲು ಹಾಸಿ, ಮೇಲೊಂದು ಜಮಖಾನ ಹೊದಿಸಿ ಕೂರುತ್ತಿದ್ದಿತು. ಆ ಹುಲ್ಲೇ ಅಂದಿನ ಕಮಾನು. ಅದು ಕೂತವರ ಸೊಂಟವನ್ನು ಕಾಯುತ್ತಿದ್ದಿತೇ ಹೊರತು ಎತ್ತಿನ ಹೆಗಲನ್ನು ಕಾಯುತ್ತಿರಲಿಲ್ಲ. ಈ ಭೇದವು ಮುಂದಿನ ಇಡೀ ಚರಿತ್ರೆಗೆ ಕೀಲಿಕೈಯಂತಿದೆ.

ಪುರಾತನರು ಈ ತೊಂದರೆಯನ್ನು ಅರಿಯದವರಾಗಿರಲಿಲ್ಲ. 1922ರಲ್ಲಿ ಬೆಳಕಿಗೆ ಬಂದ ಈಜಿಪ್ಟಿನ ಅರಸು ತೂತಾಂಖಾಮನ್ನನ ಸಮಾಧಿಯಲ್ಲಿ ಆರು ರಥಗಳು ದೊರೆತವು. ಅಂಥ ರಥಗಳ ನೆಲವು ಹಲಗೆಯದಲ್ಲ; ಹಸಿ ತೊಗಲಿನ ಪಟ್ಟಿಗಳಿಂದ ಮಂಚದಂತೆ ಹೆಣೆದದ್ದು. ಓಡುವ ರಥದಲ್ಲಿ ನಿಂತು ಬಾಣ ಬಿಡಬೇಕಾದವನ ಕಾಲಡಿ ಆ ಹೆಣಿಗೆಯು ತಕ್ಕಮಟ್ಟಿಗೆ ಬಾಗಿ ಪೆಟ್ಟನ್ನು ನುಂಗುತ್ತಿದ್ದಿತು. ರೋಮನರ ಕೆಲವು ಪ್ರಯಾಣದ ಬಂಡಿಗಳಲ್ಲಿ ಒಡಲನ್ನು ಚರ್ಮದ ಪಟ್ಟಿಗಳಿಂದ ತೂಗುಹಾಕುತ್ತಿದ್ದರೆಂಬುದಕ್ಕೆ ಉತ್ಖನನಗಳಲ್ಲಿ ಸಿಕ್ಕ ಕಂಚಿನ ಕೊಂಡಿಗಳು ಸಾಕ್ಷಿಯಾಗಿವೆ. ಹದಿನೈದನೆಯ ಶತಮಾನದಲ್ಲಿ ಹಂಗೇರಿಯ ಕೋಚ್ ಎಂಬ ಹಳ್ಳಿಯ ಬಡಗಿಗಳು ಹಗುರವೂ ವೇಗಶಾಲಿಯೂ ಆದ ನಾಲ್ಕು ಗಾಲಿಗಳ ಬಂಡಿಯನ್ನು ರೂಢಿಗೆ ತಂದರು. ಅದರಲ್ಲಿ ತೂಗುಪಟ್ಟಿ ಇದ್ದಿತೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಆ ಹಳ್ಳಿಯ ಹೆಸರು ಮಾತ್ರ ಯೂರೋಪಿನ ನಾನಾ ಭಾಷೆಗಳಲ್ಲಿ ಸಾರೋಟಿನ ಹೆಸರಾಗಿ ನಿಂತಿತು. ಇಂದು ರೈಲಿನ ಡಬ್ಬಿಯನ್ನು ಕನ್ನಡಿಗರು ಕೋಚು ಎನ್ನುವಾಗಲೂ ಆ ಹಳ್ಳಿಯನ್ನೇ ನೆನೆಯುತ್ತಾರೆ.

ಚರ್ಮದ ಪಟ್ಟಿಯಲ್ಲಿ ತೂಗುವ ಒಡಲಿಗೆ ಪೆಟ್ಟು ಕಡಿಮೆ. ಓಲಾಟ ಮಾತ್ರ ಹೆಚ್ಚು. ಚರ್ಮವು ಬಾಗುವುದಲ್ಲದೆ ಹಿಗ್ಗುವುದು ಅಲ್ಪ. ಅದಕ್ಕೆ ಬದಲಾಗಿ, ತಾನೇ ಬಾಗಿ ತಾನೇ ಮರಳುವ ವಸ್ತುವೊಂದು ಬೇಕಾಗಿತ್ತು. ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವ ಯತ್ನವು ಲಂಡನ್ನಿನ ರಾಯಲ್ ಸೊಸೈಟಿಯ ಆರಂಭದ ದಿನಗಳಲ್ಲಿ ನಡೆಯಿತು. 1665ನೆಯ ಮೇ 1ರಂದು ಸೊಸೈಟಿಯ ಕೆಲವರು ಕರ್ನಲ್ ಬ್ಲಂಟ್ ಎಂಬವನ ಮನೆಯಲ್ಲಿ ನೆರೆದು, ಸಾರೋಟುಗಳನ್ನು ಹಿತಕರವಾಗಿ ಮಾಡುವ ಪ್ರಯೋಗಗಳನ್ನು ನೋಡಿದುದನ್ನು ಸ್ಯಾಮ್ಯುಯೆಲ್ ಪೀಪ್ಸನು ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಮರುವರ್ಷದ ಜನವರಿಯಲ್ಲಿ ಅದೇ ಬ್ಲಂಟನು ಸ್ಪ್ರಿಂಗು ಹೂಡಿದ ಹೊಸ ರಥದಲ್ಲಿ ಬಂದುದನ್ನೂ ಅವನು ಬರೆದಿಟ್ಟಿದ್ದಾನೆ. ಅದೇ ಸೊಸೈಟಿಯ ಪ್ರಯೋಗಾಧಿಕಾರಿಯಾಗಿದ್ದ ರಾಬರ್ಟ್ ಹೂಕನು 1678ರಲ್ಲಿ ಸ್ಪ್ರಿಂಗಿನ ನಿಯಮವನ್ನು ಪ್ರಕಟಿಸಿದನು: ಹೇರಿದ ಭಾರ ಎಷ್ಟೋ, ಬಾಗುವಿಕೆಯೂ ಅಷ್ಟು. ಭಾರ ಇಮ್ಮಡಿಸಿದರೆ ಬಾಗುವಿಕೆಯೂ ಇಮ್ಮಡಿಸುತ್ತದೆ. ಈ ಸರಳ ನಿಯಮದಿಂದಲೇ ಬಂಡಿಯ ಕಮಾನನ್ನು ಲೆಕ್ಕ ಹಾಕಿ ಮಾಡುವುದು ಸಾಧ್ಯವಾಯಿತು.

ಹದಿನೆಂಟನೆಯ ಶತಮಾನದಲ್ಲಿ ಉಕ್ಕು ಸುಧಾರಿಸಿದಂತೆ ಕಮಾನೂ ಸುಧಾರಿಸಿತು. ಬಂಡಿಯ ನಾಲ್ಕು ಮೂಲೆಗಳಲ್ಲಿ ಅರ್ಧಚಂದ್ರಾಕಾರದ ಉಕ್ಕಿನ ಕಂಬಗಳನ್ನು ನಿಲ್ಲಿಸಿ, ಅವುಗಳ ತುದಿಯಿಂದ ಚರ್ಮದ ಪಟ್ಟಿ ಇಳಿಬಿಟ್ಟು, ಒಡಲನ್ನು ತೊಟ್ಟಿಲಿನಂತೆ ತೂಗುಹಾಕುವ ಪದ್ಧತಿ ಶ್ರೀಮಂತರಲ್ಲಿ ಪ್ರಚಾರಕ್ಕೆ ಬಂದಿತು. ಇದರಿಂದ ಮೃದುತ್ವವು ಲಭಿಸಿದರೂ ಬೇರೊಂದು ಅಪಾಯವು ತಲೆದೋರಿತು. ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಕೂಡಿಸುವ ದಪ್ಪ ತೊಲೆಯೊಂದು ಬಂಡಿಯ ಅಡಿಯಲ್ಲಿ ಹಾಯ್ದಿದ್ದುದರಿಂದ ಒಡಲನ್ನು ಅದಕ್ಕೂ ಎತ್ತರದಲ್ಲಿ ತೂಗುಹಾಕಬೇಕಾಗುತ್ತಿತ್ತು. ಎತ್ತರದ ಒಡಲು, ಅದರ ಮೇಲೆ ಓಲಾಟ. ತಿರುವಿನಲ್ಲಿ ವೇಗ ತಗ್ಗದಿದ್ದರೆ ಬಂಡಿ ಮಗುಚುವುದು ಸಹಜವೇ. ಸುಖ ಹೆಚ್ಚಿದಷ್ಟೂ ಹತೋಟಿ ಕುಗ್ಗುವ ಈ ವಿರೋಧವು ಅಂದಿನಿಂದ ಇಂದಿನವರೆಗೆ ವಾಹನ ನಿರ್ಮಾಪಕರನ್ನು ಕಾಡುತ್ತಲೇ ಬಂದಿದೆ.

ಈ ಗಂಟನ್ನು ಬಿಡಿಸಿದವನು ಲಂಡನ್ನಿನ ಲ್ಯಾಂಬೆತ್ ಪ್ರದೇಶದ ಸಾರೋಟು ಕೆಲಸಗಾರ ಒಬಡಾಯ ಎಲಿಯಟ್. 1804ರಲ್ಲಿ ಅವನು ಪಡೆದ ಹಕ್ಕುಪತ್ರದ ಸಾರವು ಸರಳವಾದುದು. ಉಕ್ಕಿನ ತೆಳು ಪಟ್ಟಿಗಳನ್ನು ಉದ್ದದಿಂದ ಗಿಡ್ಡಕ್ಕೆ ಒಂದರ ಮೇಲೊಂದು ಜೋಡಿಸಿ ಬಿಲ್ಲಿನಂತೆ ಬಾಗಿಸುವುದು. ಅಂತಹ ಎರಡು ಬಿಲ್ಲುಗಳನ್ನು ಎದುರುಬದುರಾಗಿ ಕೂಡಿಸಿ ಅಂಡಾಕಾರದ ಕಮಾನನ್ನು ರಚಿಸುವುದು. ಅದನ್ನು ಅಚ್ಚಿನ ಮೇಲೆ ಇಟ್ಟು, ಒಡಲನ್ನು ನೇರವಾಗಿ ಅದರ ಮೇಲೆ ಕೂರಿಸುವುದು. ಆಗ ಅಡಿಯ ತೊಲೆ ಅನಾವಶ್ಯಕವಾಯಿತು. ಬಂಡಿ ಹಗುರವಾಯಿತು, ಒಡಲು ನೆಲಕ್ಕೆ ಸಮೀಪವಾಯಿತು, ಸುಖವೂ ಹತೋಟಿಯೂ ಏಕಕಾಲದಲ್ಲಿ ಹೆಚ್ಚಿದವು. ಕಲಾ ಪ್ರೋತ್ಸಾಹಕ ಸಂಘವು ಅವನಿಗೆ ಚಿನ್ನದ ಪದಕವನ್ನಿತ್ತು ಗೌರವಿಸಿತು. ಪಟ್ಟಿಕಮಾನಿಗೆ ಮತ್ತೊಂದು ಗುಣವೂ ಉಂಟು. ಬಾಗುವಾಗ ಪಟ್ಟಿಗಳು ಒಂದನ್ನೊಂದು ಉಜ್ಜುತ್ತವೆ. ಆ ಘರ್ಷಣೆಯು ಕುಣಿತವನ್ನು ಬೇಗ ಶಮನಗೊಳಿಸುತ್ತದೆ. ಒಂಟಿ ಸುರುಳಿಗೆ ಈ ಗುಣವಿಲ್ಲ. ಅದು ಒಮ್ಮೆ ಕುಣಿಯತೊಡಗಿದರೆ ಕುಣಿಯುತ್ತಲೇ ಇರುತ್ತದೆ.

ಇದೇ ಕಾಲದಲ್ಲಿ ಪೂರಕವಾದ ಮತ್ತೆರಡು ಸುಧಾರಣೆಗಳು ನಡೆದವು. ಮ್ಯೂನಿಕ್ ನಗರದ ಲಾಂಕೆನ್‌ಸ್ಪರ್ಗರನು ಮುಂದಿನ ಅಚ್ಚನ್ನು ಇಡಿಯಾಗಿ ತಿರುಗಿಸದೆ ಎರಡು ಗಾಲಿಗಳನ್ನು ಬೇರೆ ಬೇರೆಯಾಗಿ ಹೊರಳಿಸುವ ಉಪಾಯವನ್ನು ಕಂಡುಹಿಡಿದನು. ಅವನ ಪರವಾಗಿ ರುಡಾಲ್ಫ್ ಆಕರ್‌ಮನ್ನನು 1818ರಲ್ಲಿ ಲಂಡನ್ನಿನಲ್ಲಿ ಹಕ್ಕುಪತ್ರ ಪಡೆದನು. ಇಂದಿನ ಮೋಟಾರುಗಳ ತಿರುವು ವ್ಯವಸ್ಥೆಗೆ ಇದೇ ಮೂಲ. ಇತ್ತ 1816ರಲ್ಲಿ ಬ್ರಿಸ್ಟಲ್ ಪ್ರಾಂತದ ರಸ್ತೆಗಳ ಮೇಲ್ವಿಚಾರಕನಾದ ಮೆಕಾಡಮ್ಮನು ಸಣ್ಣಗೆ ಒಡೆದ ಜಲ್ಲಿಯನ್ನು ಪದರಪದರವಾಗಿ ಹರವಿ ರಸ್ತೆಯನ್ನೇ ನಯಗೊಳಿಸಿದನು. ಕಮಾನು ಮತ್ತು ರಸ್ತೆ ಒಂದಕ್ಕೊಂದು ಪ್ರತಿಪಕ್ಷಗಳಲ್ಲ, ಸಹಕಾರಿಗಳು. ರಸ್ತೆ ಕೆಟ್ಟಲ್ಲಿ ಒಳ್ಳೆಯ ಕಮಾನೂ ಮುರಿಯುತ್ತದೆ.

ಕಮಾನು ಕೇವಲ ಸುಖಲೋಲುಪರ ಸಾಧನವೆಂಬ ಭಾವನೆಯನ್ನು ಖಂಡಿಸಿದವನು ಐರ್ಲೆಂಡಿನ ರಿಚರ್ಡ್ ಲೊವೆಲ್ ಎಜ್‌ವರ್ತ್. 1813ರಲ್ಲಿ ಪ್ರಕಟವಾದ, ರಸ್ತೆ ಮತ್ತು ಬಂಡಿಗಳನ್ನು ಕುರಿತ ಗ್ರಂಥದಲ್ಲಿ ಅವನು ಕಮಾನಿನಿಂದ ಎಳೆಯುವ ಕುದುರೆಗೂ ಶ್ರಮ ಕಡಿಮೆಯಾಗುವುದೆಂದು ವಾದಿಸಿದನು. ಕಾರಣವು ಸುಸ್ಪಷ್ಟ. ಕಮಾನಿಲ್ಲದ ಬಂಡಿಯಲ್ಲಿ ಗಾಲಿಯು ಕಲ್ಲನ್ನು ದಾಟುವಾಗಲೆಲ್ಲ ಇಡೀ ಹೇರನ್ನೇ ಎತ್ತಬೇಕು. ಕಮಾನಿದ್ದಲ್ಲಿ ಗಾಲಿ ಮತ್ತು ಅಚ್ಚು ಮಾತ್ರ ಮೇಲೇಳುತ್ತವೆ. ಹೇರು ತನ್ನ ಮಟ್ಟದಲ್ಲಿಯೇ ಬಹುಮಟ್ಟಿಗೆ ಮುಂದೆ ಸಾಗುತ್ತದೆ. ವೇಗ ಹೆಚ್ಚಿದಷ್ಟೂ ಈ ಲಾಭವು ಅಧಿಕ. ಹೀಗೆ ಕುಳಿತವನ ಸುಖವೂ ಎಳೆಯುವ ಪ್ರಾಣಿಯ ಹಿತವೂ ಒಂದೇ ಉಪಾಯದಲ್ಲಿ ಅಡಗಿವೆಯೆಂಬುದು ಸಿದ್ಧವಾಯಿತು.

ಆದರೆ ಉಕ್ಕಿನ ಕಮಾನು ಎಲ್ಲ ದೇಶಗಳಿಗೂ ಒಪ್ಪುವ ಮದ್ದಾಗಿರಲಿಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಕಾಂಕರ್ಡ್ ಊರಿನಲ್ಲಿ 1827ರಿಂದ ನಿರ್ಮಿತವಾಗತೊಡಗಿದ ಪ್ರಸಿದ್ಧ ಸಾರೋಟುಗಳು ಎಲಿಯಟ್ಟನ ಮಾರ್ಗವನ್ನು ಬಿಟ್ಟು ಹಳೆಯ ಚರ್ಮದ ಪಟ್ಟಿಗೇ ಮರಳಿದವು. ರಸ್ತೆಯೇ ಇಲ್ಲದ ಬಯಲಿನಲ್ಲಿ, ಕಮ್ಮಾರಸಾಲೆ ನೂರಾರು ಮೈಲಿ ದೂರವಿದ್ದಲ್ಲಿ, ಮುರಿದ ಉಕ್ಕನ್ನು ಸರಿಪಡಿಸುವವರು ಯಾರು? ಹರಿದ ಚರ್ಮವನ್ನಾದರೆ ಬಂಡಿಯವನೇ ಬಿಗಿಯಬಲ್ಲನು. ಅಲ್ಲದೆ, ಒಡಲು ಹಿಂದುಮುಂದಾಗಿ ತೂಗುತ್ತಿದ್ದುದರಿಂದ ಎಳೆತದ ಹಠಾತ್ ಜಗ್ಗಾಟವು ಕುದುರೆಗಳಿಗೆ ತಗಲುತ್ತಿದ್ದುದೂ ಕಡಿಮೆ. ಹೊಸದೆಲ್ಲವೂ ಮೇಲೆಂಬ ನಂಬಿಕೆಗೆ ಈ ಉದಾಹರಣೆಯು ತಕ್ಕ ಉತ್ತರವಾಗಿದೆ.

ಭಾರತದಲ್ಲಿ ಕಮಾನು ನೆಲೆಸಿದ್ದು ಕುದುರೆಯ ಬಂಡಿಗಳಲ್ಲಿ. ಮೈಸೂರಿನ ಟಾಂಗಾ, ಬೆಂಗಳೂರಿನ ಜಟಕಾ, ಮುಂಬಯಿಯ ವಿಕ್ಟೋರಿಯಾ ಇವೆಲ್ಲವೂ ಪಟ್ಟಿಕಮಾನಿನ ಮೇಲೆ ಓಡಿದವು. ವಿಕ್ಟೋರಿಯಾ ಗಾಡಿಗಳು ನ್ಯಾಯಸಮ್ಮತವಲ್ಲವೆಂದು ಮುಂಬಯಿ ಉಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪಿತ್ತಿತು. ಮೋಟಾರು ಬಂದಾಗ ಅದೇ ಕಮಾನು ಅದಕ್ಕೂ ಹೊಂದಿಕೊಂಡಿತು. 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಹಿಂಭಾಗವನ್ನು ಹೊತ್ತಿದ್ದುದು ಪಟ್ಟಿಕಮಾನೇ. ಇಂದಿಗೂ ಹೆದ್ದಾರಿಯ ಲಾರಿಗಳ ಅಡಿಯಲ್ಲಿ ಎಲಿಯಟ್ಟನ ಬಿಲ್ಲಿನ ವಂಶಸ್ಥರನ್ನು ಕಾಣಬಹುದು.

ಎತ್ತಿನ ಬಂಡಿಗೆ ಮಾತ್ರ ಕಮಾನು ಬರಲಿಲ್ಲ. ಇದನ್ನು ರೈತನ ಔದಾಸೀನ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಳ್ಳಿಯ ಬಡಗಿಯೂ ಕಮ್ಮಾರನೂ ಕೂಡಿ ಬಂಡಿಯ ಯಾವ ಅಂಗವನ್ನಾದರೂ ದುರಸ್ತಿ ಮಾಡಬಲ್ಲರು. ಕಮಾನಿನ ಉಕ್ಕನ್ನು ಹದಗೊಳಿಸುವುದು ಅವರ ಅಳವಿಗೆ ಮೀರಿದುದು. ಹೂಕನ ನಿಯಮವೂ ಇಲ್ಲಿ ಅಡ್ಡಬರುತ್ತದೆ: ತುಂಬಿದ ಹೇರನ್ನು ಹೊರುವಷ್ಟು ಗಡುಸಾದ ಕಮಾನು ಬರಿದಾದ ಬಂಡಿಯಲ್ಲಿ ಬಾಗುವುದೇ ಇಲ್ಲ, ಬರಿದಾದ ಬಂಡಿಗೆ ಹಿತವಾದುದು ಹೇರು ಬಿದ್ದೊಡನೆ ಪೂರ್ಣವಾಗಿ ಕುಸಿಯುತ್ತದೆ. ಎತ್ತಿನ ನಡಿಗೆ ನಿಧಾನವಾದುದರಿಂದ ವೇಗದಿಂದ ದೊರೆಯುವ ಲಾಭವೂ ಸ್ವಲ್ಪವೇ. ಈ ಕಾರಣಗಳಿಂದ ರೈತನ ನಿರ್ಣಯವು ಅವಿವೇಕದ್ದಾಗಿರಲಿಲ್ಲ. ಆದರೆ ಆ ನಿರ್ಣಯದ ಬೆಲೆಯನ್ನು ತೆತ್ತುದು ಎತ್ತಿನ ಹೆಗಲು.

ಇದಕ್ಕೆ ಪರಿಹಾರವು ಅನ್ಯಮಾರ್ಗದಿಂದ ಒದಗಿತು. ಗಾಳಿ ತುಂಬಿದ ಟೈರಿಗೆ 1845ರಲ್ಲಿಯೇ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ನನು ಹಕ್ಕುಪತ್ರ ಪಡೆದಿದ್ದನು. ಅದು ಕುದುರೆಯ ಬಂಡಿಗಾಗಿಯೇ ಕಲ್ಪಿತವಾದುದು. ಆ ಶೋಧವು ಮರೆತುಹೋಗಿ, 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ಪನು ಮಗನ ಮೂರುಗಾಲಿಯ ಸೈಕಲ್ಲಿಗಾಗಿ ಅದನ್ನು ಪುನಃ ಕಂಡುಹಿಡಿಯಬೇಕಾಯಿತು. 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಅವನ ಹೆಸರಿನ ಕಾರ್ಖಾನೆ ಆರಂಭವಾಯಿತು. ಕ್ರಮೇಣ ಎತ್ತಿನ ಬಂಡಿಗೂ ಟೈರು ಬಂದಿತು. ಗಾಳಿಯೇ ಇಲ್ಲಿ ಕಮಾನು. ಗುಂಬದಲ್ಲಿ ಗುಂಡುಗಳ ಬೇರಿಂಗು ಸೇರಿದೊಡನೆ ಉರುಳುವಿಕೆಯೂ ಸಲೀಸಾಯಿತು.

ಈ ವ್ಯತ್ಯಾಸವನ್ನು ಕಾನೂನೂ ಅಂಗೀಕರಿಸಿದೆ. 1965ರಲ್ಲಿ ಭಾರತ ಸರಕಾರವು ರಚಿಸಿದ, ಎಳೆಯುವ ಮತ್ತು ಹೊರುವ ಪ್ರಾಣಿಗಳ ನಿಯಮಗಳಲ್ಲಿ ಸಣ್ಣ ಎತ್ತೊಂದು ಎರಡು ಗಾಲಿಗಳ ಬಂಡಿಯಲ್ಲಿ ಎಳೆಯಬಹುದಾದ ಹೇರು ಹೀಗೆ ನಿಗದಿಯಾಗಿದೆ: ಗಾಳಿಯ ಟೈರಿಲ್ಲದ ಬಂಡಿಯಾದರೆ 500 ಕಿಲೋಗ್ರಾಂ, ಗಾಳಿಯ ಟೈರಿದ್ದರೆ 750, ಗುಂಡುಗಳ ಬೇರಿಂಗಿದ್ದರೆ 1000. ಅದೇ ಎತ್ತು, ಅದೇ ಹೆಗಲು. ಬಂಡಿಯ ರಚನೆಯಿಂದ ಮಾತ್ರ ಇಮ್ಮಡಿ ಹೇರು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಿಂದ ಎತ್ತಿನ ಬಂಡಿಯ ಸುಧಾರಣೆಯನ್ನು ವ್ರತದಂತೆ ಕೈಗೊಂಡು, ನೊಗದಿಂದ ಪ್ರಾಣಿಗಾಗುವ ಯಾತನೆಯತ್ತ ದೇಶದ ಗಮನವನ್ನು ಸೆಳೆದರು. ನಿರ್ವಹಣಾ ಶಾಸ್ತ್ರದ ವಿದ್ವಾಂಸರೊಬ್ಬರು ಬಂಡಿಯನ್ನು ಅಧ್ಯಯನಯೋಗ್ಯವೆಂದು ಬಗೆದುದೇ ಒಂದು ವಿಶೇಷ.

ಒಟ್ಟಿನಲ್ಲಿ ನೋಡಿದರೆ, ಅರಸನ ಕಾಲಡಿಯ ತೊಗಲಿನ ಹೆಣಿಗೆಯಿಂದ ಹೊರಟು ಎತ್ತಿನ ಬಂಡಿಯ ಟೈರಿನವರೆಗೆ ಬರಲು ಈ ಸೌಕರ್ಯಕ್ಕೆ ಮೂರು ಸಾವಿರ ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು. ಅದು ಮೊದಲು ಯೋಧನಿಗೆ, ಅನಂತರ ಶ್ರೀಮಂತನಿಗೆ, ಆಮೇಲೆ ಬಾಡಿಗೆ ಕೊಡಬಲ್ಲ ಪ್ರಯಾಣಿಕನಿಗೆ, ಕಟ್ಟಕಡೆಗೆ ಎಳೆಯುವ ಪ್ರಾಣಿಗೆ ದೊರೆಯಿತು. ಶಾಸ್ತ್ರದ ದೃಷ್ಟಿಯಿಂದ ಎಲ್ಲರ ಹಿತವೂ ಒಂದೇ ಎಂದು ಎಜ್‌ವರ್ತನು ತೋರಿಸಿಕೊಟ್ಟ ಮೇಲೆಯೂ ಆ ಸರದಿಯು ಬದಲಾಗಲಿಲ್ಲ. ಬಂಡಿಯ ಉತ್ತಮಿಕೆಯನ್ನು ಅಳೆಯುವಾಗ ಕುಳಿತವರ ಅಭಿಪ್ರಾಯವನ್ನು ಕೇಳುವುದು ರೂಢಿ. ನೊಗವನ್ನು ಇಳಿಸಿದ ಮೇಲೆ ಎತ್ತಿನ ಹೆಗಲನ್ನೂ ಒಮ್ಮೆ ತಡವಿ ನೋಡಿದರೆ ಆ ಅಳತೆ ಪೂರ್ಣವಾದೀತು.