ಕೆಲಸ ಕೇಳಿದ್ದಕ್ಕೆ ಸಾಕ್ಷಿ

ನಮ್ಮ ಸರ್ಕಾರಿ ಕಚೇರಿಗಳ ಕನ್ನಡವನ್ನು ಕಿವಿಗೊಟ್ಟು ಕೇಳಿದರೆ ಅದರಲ್ಲಿ ಅರ್ಧ ಉರ್ದುವೇ ಕೇಳಿಸುತ್ತದೆ. ಅರ್ಜಿ, ತಾರೀಖು, ಹಾಜರಿ, ಮಂಜೂರು, ವಸೂಲಿ, ಬಾಕಿ, ರಸೀದಿ. ಅರಬ್ಬಿ, ಫಾರಸಿಗಳಿಂದ ಹೊರಟು ಸುಲ್ತಾನರ ದಫ್ತರಗಳನ್ನು ದಾಟಿ ಬಂದ ಈ ಪದಗಳನ್ನು ಇಂದು ಹಳ್ಳಿಯ ಕೂಲಿ ಹೆಂಗಸರೂ ತಮ್ಮದೇ ಮಾತೆಂಬಂತೆ ಬಳಸುತ್ತಾರೆ. ಎರಡೂ ಭಾಷೆಗಳಲ್ಲಿ ಓದಿದ ನಮಗೆ ಇವುಗಳಲ್ಲಿ ಕೊನೆಯ ಪದದ ಮೇಲೆ ಹೆಚ್ಚು ಕುತೂಹಲ. ಫಾರಸಿಯಲ್ಲಿ ‘ರಸೀದನ್’ ಎಂದರೆ ತಲುಪುವುದು, ‘ರಸೀದ್’ ಎಂದರೆ ತಲುಪಿತು. ನೀವು ಕೊಟ್ಟದ್ದು ನನಗೆ ತಲುಪಿತು ಎಂದು ಇನ್ನೊಬ್ಬರು ಬರೆದುಕೊಡುವ ಚೀಟಿಯೇ ರಸೀದಿ. ಭಾರತದಲ್ಲಿ ಕೆಲಸವಿಲ್ಲದವರಿಗೆ ಸಿಗಬೇಕಾದ ಭತ್ಯೆಯ ಇತಿಹಾಸವನ್ನು ನೋಡಿದರೆ ಜಗಳವೆಲ್ಲ ಈ ಚೀಟಿಯ ಸುತ್ತಲೇ ನಡೆದಿದೆ. ಹಣವಿಲ್ಲ ಎಂದು ಯಾವ ಕಚೇರಿಯೂ ಬಾಯಿಬಿಟ್ಟು ಹೇಳಲಿಲ್ಲ. ನೀವು ಕೇಳಿದ್ದೇ ನಮಗೆ ತಲುಪಿಲ್ಲ ಎಂದಿತು, ಅಷ್ಟೆ.

ಕೆಲಸ ಕೇಳಿ ಬಂದವನನ್ನು ಮೊದಲು ಪರೀಕ್ಷೆಗೆ ಒಡ್ಡಬೇಕು ಎಂಬ ಆಲೋಚನೆ ಹಳೆಯದು. 1876ರಿಂದ 78ರವರೆಗಿನ ಮಹಾಕ್ಷಾಮವನ್ನು ನಮ್ಮ ಹಿರಿಯರು ಸಂವತ್ಸರಗಳ ಹೆಸರಿನಲ್ಲಿ ಧಾತು ಈಶ್ವರ ಬರ ಎಂದು ಕರೆಯುತ್ತಿದ್ದರು. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಇದರ ಹೊಡೆತಕ್ಕೆ ನೇರವಾಗಿ ಸಿಕ್ಕಿತು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಗೆ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಕ್ಷಾಮದ ಖರ್ಚು ಕಡಿಮೆ ಮಾಡಲು ಬಂದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ಗಂಡಸಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ, ಮೇಲೆ ಒಂದಾಣೆಗೆ ಇಳಿಸಿದ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಅದರ ಜೊತೆಗೇ ದೂರದ ಪರೀಕ್ಷೆ. ಮನೆಯ ಹತ್ತಿರ ಕೆಲಸ ಕೊಟ್ಟರೆ ಹಸಿವಿಲ್ಲದವನೂ ಬಂದುಬಿಟ್ಟಾನು, ಆದ್ದರಿಂದ ಮೈಲುಗಟ್ಟಲೆ ದೂರದಲ್ಲಿ ಕೊಡಬೇಕು. ಅಷ್ಟು ದೂರ ನಡೆದು ಬಂದವನೇ ನಿಜವಾದ ನಿರ್ಗತಿಕ. ನಡೆಯಲಾರದೆ ದಾರಿಯಲ್ಲೇ ಬಿದ್ದವನು ಪರೀಕ್ಷೆಗೆ ಹಾಜರಾಗಲಿಲ್ಲ ಎಂದಷ್ಟೇ ಲೆಕ್ಕ. ಈ ತರ್ಕವೇ ಮುಂದೆ 1880ರ ದಶಕದಲ್ಲಿ ಕ್ಷಾಮ ಸಂಹಿತೆಗಳಾಗಿ ಅಚ್ಚಾಯಿತು.

ಅದಕ್ಕಿಂತ ಸುಮಾರು ತೊಂಬತ್ತು ವರ್ಷ ಮೊದಲು, 1784ರ ಬರದಲ್ಲಿ, ಅವಧದ ನವಾಬ ಆಸಫುದ್ದೌಲಾ ಲಖನೌದ ದೊಡ್ಡ ಇಮಾಮ್‌ಬಾಡಾ ಕಟ್ಟಿಸಿ ಜನರಿಗೆ ಕೆಲಸ ಕೊಟ್ಟ. ಹಗಲು ಕೂಲಿ ಮಾಡಲು ನಾಚುವ ಮರ್ಯಾದಸ್ಥರು ರಾತ್ರಿಯ ಕತ್ತಲಲ್ಲಿ ಬಂದು ಕೆಲಸ ಮಾಡಿ ಹೋಗುತ್ತಿದ್ದರಂತೆ. ಇದು ಆ ಊರಿನಲ್ಲಿ ಹೇಳುವ ಕಥೆ. ಕಥೆಯೋ ನಿಜವೋ, ಬೇಡುವವನ ಮುಖ ನೋಡದೆ ಕೊಡಬೇಕು ಎಂಬ ಒಂದು ಭಾವನೆ ಅದರಲ್ಲಿದೆ. ಮುಖ ತೋರಿಸಿದರಷ್ಟೇ ಕೂಲಿ ಎಂಬ ಕಾಲಕ್ಕೆ ಆಮೇಲೆ ಬರುತ್ತೇವೆ.

ಕ್ಷಾಮ ಸಂಹಿತೆ ಬರೆದವರ ಸ್ವಂತ ನಾಡಿನಲ್ಲಾದರೂ ಕೆಲಸಗಾರನನ್ನು ನಂಬಿದರೇ? ಬ್ರಿಟನ್ 1911ರಲ್ಲಿ ನಿರುದ್ಯೋಗ ವಿಮೆಯ ಕಾಯ್ದೆ ತಂದಿತು. ಕೆಲಸಗಾರ, ಮಾಲೀಕ, ಸರ್ಕಾರ ಮೂವರೂ ಕಂತು ಕಟ್ಟಬೇಕು. ಕೆಲಸ ಹೋದರೆ ವಾರಕ್ಕೆ 7 ಶಿಲಿಂಗ್, ವರ್ಷಕ್ಕೆ ಹೆಚ್ಚೆಂದರೆ 15 ವಾರ. ಮಹಾಯುದ್ಧದ ನಂತರ ಕಾರ್ಖಾನೆಗಳು ಮುಚ್ಚಿ ಲಕ್ಷಾಂತರ ಜನ ಸಾಲು ನಿಂತಾಗ, 1921ರಲ್ಲಿ, ಹೊಸ ಷರತ್ತೊಂದು ಬಂತು. ತಾನು ಪ್ರಾಮಾಣಿಕವಾಗಿ ಕೆಲಸ ಹುಡುಕುತ್ತಿದ್ದೇನೆ ಎಂದು ಅರ್ಜಿದಾರನೇ ರುಜುವಾತು ಮಾಡಬೇಕು. ಊರಿನ ಗಣಿ ಮುಚ್ಚಿದೆ ಎಂಬುದು ಕೇಳುವವನಿಗೂ ಗೊತ್ತು, ಹೇಳುವವನಿಗೂ ಗೊತ್ತು. ಆದರೂ ಯಾವ ದಿನ ಯಾವ ಗೇಟಿನ ಮುಂದೆ ಹೋಗಿ ನಿಂತೆ ಎಂದು ಅವನು ಒಪ್ಪಿಸಬೇಕು. 1930ರಲ್ಲಿ ಈ ಷರತ್ತು ಹೋಗುವವರೆಗಿನ ಒಂಬತ್ತು ವರ್ಷಗಳಲ್ಲಿ ಸುಮಾರು 30 ಲಕ್ಷ ಅರ್ಜಿಗಳು ಇದೊಂದೇ ಕಾರಣಕ್ಕೆ ತಿರಸ್ಕೃತವಾದವು. ಕಂತು ಕಟ್ಟಿದವರ ಅರ್ಜಿಗಳೂ ಇವುಗಳಲ್ಲಿದ್ದವು ಎಂಬುದನ್ನು ಓದುಗರು ಗಮನಿಸಬೇಕು.

ಸ್ವತಂತ್ರ ಭಾರತದಲ್ಲಿ ಕೆಲಸವನ್ನು ಹಕ್ಕೆಂದು ಒಪ್ಪಿ ಮೊದಲು ಕಾಯ್ದೆ ಬರೆದದ್ದು ನೆರೆಯ ಮಹಾರಾಷ್ಟ್ರ. 1972ರ ಬರಗಾಲದಲ್ಲಿ ರಸ್ತೆ, ಕೆರೆ, ಬದುಗಳ ಕೆಲಸಕ್ಕೆ ಲಕ್ಷಗಟ್ಟಲೆ ಜನ ಇಳಿದರು. ಅಲ್ಲಿನ ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ.ಎಸ್. ಪಾಗೆ ಅವರ ಒತ್ತಾಸೆಯಿಂದ ಬೆಳೆದ ಯೋಜನೆ 1977ರಲ್ಲಿ ಕಾಯ್ದೆಯಾಗಿ 1979ರ ಜನವರಿ 26ರಂದು ಜಾರಿಗೆ ಬಂತು. ಖರ್ಚಿಗೆ ಪಟ್ಟಣದ ಸಂಬಳದಾರರ ಮೇಲೆ ವೃತ್ತಿ ತೆರಿಗೆ ಹಾಕಿದರು. ಕೇಳಿದ ಹದಿನೈದು ದಿನಗಳಲ್ಲಿ ಕೆಲಸ ಕೊಡದಿದ್ದರೆ ದಿನಕ್ಕೆ ಕನಿಷ್ಠ ಒಂದು ರೂಪಾಯಿ ಭತ್ಯೆ. ಕೆಲಸವೇನೋ ಅನೇಕರಿಗೆ ಸಿಕ್ಕಿತು. ಆದರೆ ಆ ಒಂದು ರೂಪಾಯಿಯನ್ನು ಕೈಯಲ್ಲಿ ಹಿಡಿದವರು ಬಹಳ ಅಪರೂಪ.

ಹದಿನೈದು ದಿನದ ಅದೇ ಗಡುವು 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಗೂ ಬಂತು. 2006ರ ಫೆಬ್ರವರಿ 2ರಂದು ಮೊದಲ 200 ಜಿಲ್ಲೆಗಳಲ್ಲಿ ಅದು ಜಾರಿಯಾದಾಗ ನಮ್ಮ ರಾಜ್ಯದ ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆಗಳು ಆ ಪಟ್ಟಿಯಲ್ಲಿದ್ದವು. ಕುಟುಂಬಕ್ಕೆ ವರ್ಷದಲ್ಲಿ ನೂರು ದಿನದ ಕೆಲಸ. ಏಳನೆಯ ಕಲಮಿನ ಪ್ರಕಾರ, ಗಡುವಿನೊಳಗೆ ಕೆಲಸ ಸಿಗದಿದ್ದರೆ ಮೊದಲ ಮೂವತ್ತು ದಿನ ಕೂಲಿಯ ನಾಲ್ಕನೇ ಒಂದು ಭಾಗ, ಆಮೇಲೆ ಅರ್ಧ ಭಾಗ ಭತ್ಯೆ. ಕರ್ನಾಟಕದಲ್ಲಿ 2025-26ರ ದಿನಗೂಲಿ 370 ರೂಪಾಯಿ. ಅಂದರೆ ಮೊದಲ ತಿಂಗಳು ದಿನಕ್ಕೆ 92 ರೂಪಾಯಿ 50 ಪೈಸೆ, ನಂತರ 185.

ಕಾಯ್ದೆ ರೂಪಿಸಿದವರು ಇದರಲ್ಲಿ ಒಂದು ಜಾಣತನ ಮಾಡಿದ್ದರು. ಕೂಲಿಯ ಹಣ ಕೇಂದ್ರದ್ದು, ಭತ್ಯೆಯ ಹಣ ರಾಜ್ಯದ್ದು. ಕೆಲಸ ಕೊಟ್ಟರೆ ದಿಲ್ಲಿಯ ಖಜಾನೆ, ಕೊಡದಿದ್ದರೆ ನಿನ್ನ ಖಜಾನೆ ಎಂದಾಗ ರಾಜ್ಯ ತಾನಾಗಿಯೇ ಕೆಲಸ ಕೊಡುತ್ತದೆ ಎಂಬುದು ಲೆಕ್ಕಾಚಾರ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಭತ್ಯೆ ಉಳಿಸುವುದಕ್ಕೆ ಕೆಲಸ ಕೊಡುವುದಕ್ಕಿಂತ ಸುಲಭದ ದಾರಿಯೊಂದಿತ್ತು. ಅದು ರಸೀದಿ ಕೊಡದಿರುವುದು.

ನಮ್ಮಲ್ಲಿ ಕೆಲಸ ಕೇಳುವ ಅರ್ಜಿಗೆ ‘ನಮೂನೆ 6’ ಎಂದು ಹೆಸರು. ಕೂಲಿಕಾರರು ಅದನ್ನು ತುಂಬಿ ಪಂಚಾಯ್ತಿಗೆ ಕೊಡಬೇಕು, ಪಂಚಾಯ್ತಿ ತಾರೀಖು ಹಾಕಿದ ಸ್ವೀಕೃತಿ ಕೊಡಬೇಕು. ಹದಿನೈದು ದಿನದ ಎಣಿಕೆ ಆ ತಾರೀಖಿನಿಂದ ಶುರು. ಹಾಗಾಗಿ ಏನೇನೋ ಸಬೂಬು ಹುಟ್ಟಿಕೊಂಡವು. ಫಾರಂ ಮುಗಿದಿದೆ, ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಕಾಗದ ಯಾಕಮ್ಮ, ಬಾಯಲ್ಲಿ ಹೇಳಿದ್ದೀಯಲ್ಲ, ಕೆಲಸ ಬಂದಾಗ ಕರೀತೀವಿ. ಕೆಲವೆಡೆ ಅರ್ಜಿ ತೆಗೆದುಕೊಂಡು ತಾರೀಖಿನ ಜಾಗ ಖಾಲಿ ಬಿಡಿಸಿದರು, ಕೆಲಸ ಸಿದ್ಧವಾದ ದಿನ ಅದನ್ನು ತುಂಬಿದರು. ಆಗ ದಾಖಲೆಯಲ್ಲಿ ಕೇಳಿದ್ದಕ್ಕೂ ಕೊಟ್ಟದ್ದಕ್ಕೂ ಅಂತರವೇ ಇಲ್ಲ! ರಸೀದಿ ಕೊಡದಿರುವುದನ್ನು ಸಿ.ಎ.ಜಿ.ಯ ಲೆಕ್ಕ ಪರಿಶೋಧಕರೂ ಆರಂಭದ ವರ್ಷಗಳಲ್ಲೇ ಬರೆದಿಟ್ಟರು. ಇಡೀ ದೇಶದಲ್ಲಿ ಕೆಲಸ ಸಿಗದ ಕೋಟ್ಯಂತರ ದಿನಗಳಿದ್ದರೂ ಭತ್ಯೆ ಪಾವತಿಯ ಕಲಂ ಹೆಚ್ಚುಕಡಿಮೆ ಖಾಲಿ ಉಳಿದದ್ದು ಹೀಗೆ.

ಪಡೆದವರೂ ಇಲ್ಲದಿಲ್ಲ. ಕಾಯ್ದೆ ಬಂದ ಮೊದಲ ವರ್ಷವೇ ಮಧ್ಯಪ್ರದೇಶದ ಬಡವಾನಿ ಜಿಲ್ಲೆಯಲ್ಲಿ ಆದಿವಾಸಿ ಕೂಲಿಕಾರರ ಸಂಘಟನೆಯೊಂದು ಒಂದೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ಭತ್ಯೆ ಕೊಡಿಸಿತು. ಒಬ್ಬೊಬ್ಬರಾಗಿ ಹೋದರೆ ಸಿಗದ ರಸೀದಿ ನೂರು ಜನ ಒಟ್ಟಿಗೆ ಹೋಗಿ ಕುಳಿತಾಗ ಸಿಗುತ್ತದೆ. ನಮ್ಮ ಉತ್ತರ ಕರ್ನಾಟಕದ ಕೂಲಿಕಾರರ ಸಂಘಟನೆಗಳೂ ಹೀಗೆ ಪಂಚಾಯ್ತಿ ಮುಂದೆ ಗುಂಪಾಗಿ ಕೂತೇ ನಮೂನೆ 6ಕ್ಕೆ ಸೀಲು ಹಾಕಿಸಿಕೊಳ್ಳುವುದನ್ನು ಕಲಿತವು.

ಇನ್ನು ಕೆಲಸ ಸಿಕ್ಕವರ ಕಥೆ. ದುಡಿದ ಹದಿನೈದು ದಿನದೊಳಗೆ ಕೂಲಿ ಕೊಡಬೇಕೆಂದು ಕಾಯ್ದೆ ಹೇಳಿತ್ತು. 2014ರಲ್ಲಿ ವಿಳಂಬಕ್ಕೆ ಪರಿಹಾರವನ್ನೂ ನಿಗದಿ ಮಾಡಿದರು: ಹಾಜರಿ ಪಟ್ಟಿ ಮುಗಿದ ಹದಿನಾರನೇ ದಿನದಿಂದಾಚೆಗೆ, ಬಾಕಿಯ ಮೇಲೆ ದಿನಕ್ಕೆ ಶೇಕಡಾ 0.05. ಆರು ದಿನ ದುಡಿದವಳಿಗೆ 370ರ ದರದಲ್ಲಿ ಬರಬೇಕಾದದ್ದು 2,220 ರೂಪಾಯಿ. ಅದಕ್ಕೆ ದಿನದ ಪರಿಹಾರ 1 ರೂಪಾಯಿ 11 ಪೈಸೆ. ತಿಂಗಳು ಕಾದರೆ ಮೂವತ್ತಮೂರು ರೂಪಾಯಿ ಚಿಲ್ಲರೆ. ತಾಲೂಕು ಕಚೇರಿಗೆ ಎರಡು ಸಲ ಬಸ್ಸಿನಲ್ಲಿ ಓಡಾಡಿದ ಖರ್ಚು ಇದರಲ್ಲಿ ಹುಟ್ಟಿದರೆ ಹೆಚ್ಚು. ಆ ಒಂದು ರೂಪಾಯಿಯನ್ನೂ ಪೂರ್ತಿ ಎಣಿಸಲಿಲ್ಲ ಎಂಬುದು ಇನ್ನೂ ಸೋಜಿಗ.

ಕೂಲಿ ಬರುವುದಕ್ಕೆ ಎರಡು ಮಜಲುಗಳಿದ್ದವು. ಹಾಜರಿ ಪಟ್ಟಿ ಮುಗಿದು, ಎಂಜಿನಿಯರ್ ಅಳತೆ ಬರೆದು, ಕೂಲಿಯ ಪಟ್ಟಿ ಸಿದ್ಧವಾಗಿ, ಅಧಿಕಾರಿಗಳು ಹಣ ವರ್ಗಾವಣೆಯ ಆದೇಶಕ್ಕೆ ಕಂಪ್ಯೂಟರಿನಲ್ಲಿ ಸಹಿ ಹಾಕುವವರೆಗೆ ಒಂದು. ಅದು ರಾಜ್ಯದ ಜವಾಬ್ದಾರಿ. ಆ ಆದೇಶ ದಿಲ್ಲಿಗೆ ಹೋಗಿ ಅಲ್ಲಿಂದ ಹಣ ಖಾತೆಗೆ ಬೀಳುವವರೆಗೆ ಇನ್ನೊಂದು, ಅದು ಕೇಂದ್ರದ್ದು. ವಿಳಂಬದ ಗಡಿಯಾರವನ್ನು ಮೊದಲ ಮಜಲು ಮುಗಿದ ಕೂಡಲೇ ನಿಲ್ಲಿಸುತ್ತಿದ್ದರು. ಆಮೇಲೆ ದಿಲ್ಲಿಯಲ್ಲಿ ಎಷ್ಟು ದಿನ ಹೋದರೂ ಲೆಕ್ಕಕ್ಕಿಲ್ಲ. 2016-17ರ ಸುಮಾರು 90 ಲಕ್ಷ ಪಾವತಿಗಳನ್ನು ಪರಿಶೀಲಿಸಿದ ಸ್ವತಂತ್ರ ಸಂಶೋಧಕರು ಸಮಯಕ್ಕೆ ಸರಿಯಾಗಿ ತಲುಪಿದ್ದು ಶೇಕಡಾ 21 ಮಾತ್ರ ಎಂದು ಕಂಡುಕೊಂಡರು. ಸ್ವರಾಜ್ ಅಭಿಯಾನ ಹೂಡಿದ್ದ ಮೊಕದ್ದಮೆಯಲ್ಲಿ 2018ರ ಮೇ 18ರಂದು ಸುಪ್ರೀಂ ಕೋರ್ಟು ಈ ಗಡಿಯಾರದ ಆಟವನ್ನು ಒಪ್ಪಲಿಲ್ಲ. ತಪ್ಪು ರಾಜ್ಯದ್ದೋ ಕೇಂದ್ರದ್ದೋ ಎಂಬುದು ಕೂಲಿಕಾರನಿಗೆ ಸಂಬಂಧಪಟ್ಟ ವಿಷಯವಲ್ಲ, ಅವನಿಗೆ ಹಣ ಸಿಗಬೇಕು ಎಂಬುದು ತೀರ್ಪಿನ ತಾತ್ಪರ್ಯ. ತೀರ್ಪಿನ ನಂತರವೂ ಬಾಕಿಯ ಸುದ್ದಿಗಳು ನಿಲ್ಲಲಿಲ್ಲ.

2021ರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಕೂಲಿಯ ಪಟ್ಟಿಯನ್ನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರೆ ಎಂದು ಮೂರಾಗಿ ಸೀಳಿ ಮೂರು ಬೇರೆ ಆದೇಶಗಳಲ್ಲಿ ಹಣ ಕಳಿಸಿದರು. ಒಂದೇ ಕೆರೆಯಲ್ಲಿ ಒಂದೇ ದಿನ ಮಣ್ಣು ಹೊತ್ತ ಅಕ್ಕಪಕ್ಕದ ಮನೆಯವರಿಗೆ ಕೂಲಿ ಬೇರೆ ಬೇರೆ ದಿನ ಬಂತು. ಮುಸ್ಲಿಮರು, ಹಿಂದುಳಿದ ಜಾತಿಗಳವರು ‘ಇತರೆ’ಯಲ್ಲಿದ್ದರು. ದಿಲ್ಲಿಯ ತಪ್ಪಿಗೆ ಪಕ್ಕದ ಕೇರಿಯವರನ್ನು ಅನುಮಾನದಿಂದ ನೋಡುವಂತಾಯಿತು. ಪ್ರತಿಭಟನೆಯ ಬಳಿಕ ಅದೇ ವರ್ಷ ಈ ಪದ್ಧತಿಯನ್ನು ಕೈಬಿಟ್ಟರು.

ಮುಖ ತೋರಿಸುವ ಕಾಲವೂ ಬಂತು. 2023ರ ಜನವರಿಯಿಂದ ಸಾಮೂಹಿಕ ಕಾಮಗಾರಿಗಳಲ್ಲಿ ದಿನಕ್ಕೆ ಎರಡು ಸಲ ಮೊಬೈಲ್‌ನಲ್ಲಿ ಫೋಟೋ ತೆಗೆದು ಹಾಜರಿ ಹಾಕಬೇಕಾಯಿತು. ನೆಟ್‌ವರ್ಕ್ ಸಿಗದ ಗುಡ್ಡದಲ್ಲಿ ದುಡಿದವನು ದುಡಿದಿಲ್ಲ ಎಂದೇ ಅರ್ಥ. 2024ರ ಜನವರಿಯಿಂದ ಕೂಲಿ ಆಧಾರ್ ಜೋಡಿಸಿದ ಖಾತೆಗೇ ಹೋಗಬೇಕೆಂದು ಕಡ್ಡಾಯವಾಯಿತು. ಹೆಸರಿನ ಅಕ್ಷರ ಹೊಂದದಿದ್ದರೆ ಕೆಲಸ ಕೆಟ್ಟಿತು. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾಬ್ ಕಾರ್ಡಿನಲ್ಲಿ ಮಹಮದ್, ಆಧಾರಿನಲ್ಲಿ ಮೊಹಮ್ಮದ್, ಬ್ಯಾಂಕಿನಲ್ಲಿ ಬರೀ ಎಂಡಿ. ಒಬ್ಬನೇ ಮನುಷ್ಯ, ಮೂರು ಜನ!

ಪಟ್ಟಣದವರ ಪಾಡು ಬೇರೆಯೇನಲ್ಲ. ಇ.ಎಸ್.ಐ. ಕಂತು ಕಟ್ಟುವ ಕಾರ್ಖಾನೆ ಕೆಲಸಗಾರರಿಗಾಗಿ 2018ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಬಂತು. ಕೆಲಸ ಹೋದರೆ ತೊಂಬತ್ತು ದಿನದವರೆಗೆ ಸರಾಸರಿ ಕೂಲಿಯ ಕಾಲು ಭಾಗ. ಆದರೆ ಅರ್ಜಿಯನ್ನು ಹಿಂದಿನ ಮಾಲೀಕರ ಮೂಲಕವೇ ಕಳಿಸಬೇಕಿತ್ತು. ಕೆಲಸದಿಂದ ತೆಗೆದವನ ಬಳಿಗೇ ಹೋಗಿ, ಸ್ವಾಮೀ ನೀವು ನನ್ನನ್ನು ತೆಗೆದಿದ್ದೀರೆಂದು ಬರೆದುಕೊಡಿ ಎಂದು ಕೇಳುವುದು! ಕೊರೋನಾ ವರ್ಷ 2020ರಲ್ಲಿ ಭತ್ಯೆಯನ್ನು ಅರ್ಧಕ್ಕೆ ಏರಿಸಿ, ಅರ್ಜಿಯನ್ನು ನೇರವಾಗಿ ಕಚೇರಿಗೆ ಕೊಡಲು ಬಿಟ್ಟರು. ನಮ್ಮ ರಾಜ್ಯದ ಯುವನಿಧಿಯಲ್ಲಿ, 2024ರ ಜನವರಿಯಲ್ಲಿ ಪಾವತಿ ಆರಂಭವಾದಾಗ, ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಎಂದಿತ್ತು. ತಾನಿನ್ನೂ ನಿರುದ್ಯೋಗಿ ಎಂದು ಅವರು ತಿಂಗಳು ತಿಂಗಳೂ ಘೋಷಿಸಬೇಕಾಗಿತ್ತು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತರಿ ಕಾಯ್ದೆಯ ಬದಲಿಗೆ ಹೊಸದೊಂದು ಕಾಯ್ದೆಯನ್ನು ಅಂಗೀಕರಿಸಿತು. ನೂರು ದಿನದ ಜಾಗದಲ್ಲಿ ನೂರ ಇಪ್ಪತ್ತೈದು ದಿನ. ಆದರೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು ಅರವತ್ತು ದಿನ ಕೆಲಸ ನಿಲ್ಲಿಸಬಹುದು. ಕೂಲಿಯ ಖರ್ಚಿನಲ್ಲಿ ಕರ್ನಾಟಕದಂಥ ರಾಜ್ಯಗಳು ಇನ್ನು ನೂರಕ್ಕೆ ನಲವತ್ತು ಪಾಲು ಹೊರಬೇಕು. ಹಳೆಯ ಕಾಯ್ದೆಯಲ್ಲಿ ಕೆಲಸ ಕೊಟ್ಟರೆ ರಾಜ್ಯದ ಮೇಲೆ ಕೂಲಿಯ ಹೊರೆ ಇರಲಿಲ್ಲ, ಕೊಡದಿದ್ದರೆ ಮಾತ್ರ ಭತ್ಯೆಯ ಹೊರೆ. ಇನ್ನು ಕೊಟ್ಟರೂ ಹೊರೆ, ಕೊಡದಿದ್ದರೂ ಹೊರೆ. ಭತ್ಯೆಯ ಕಲಂ ಹೊಸ ಕಾಯ್ದೆಯಲ್ಲೂ ಇದೆ. ಹದಿನೈದು ದಿನವೂ ಹಾಗೆಯೇ ಇದೆ, ಅರ್ಜಿ ತಲುಪಿದ ತಾರೀಖಿನಿಂದ.