ತಾಮ್ರದ ಸಾಕ್ಷಿ, ಮಣ್ಣಿನ ಸಾಕ್ಷಿ

ನಮ್ಮ ಕೋಲಾರ ಸೀಮೆಯ ವಕ್ಕಲೇರಿ ಚರಿತ್ರೆಯ ಪುಸ್ತಕಗಳಿಗೆ ಸೇರಿದ್ದು ಒಂದು ತಾಮ್ರಪಟದಿಂದ. ಬಾದಾಮಿ ಚಾಲುಕ್ಯರ ಎರಡನೇ ಕೀರ್ತಿವರ್ಮ ಶಕ ವರ್ಷ 679ರಲ್ಲಿ, ಅಂದರೆ ಕ್ರಿ.ಶ. 757ರಲ್ಲಿ ಬರೆಸಿದ ದಾನಪತ್ರ ಅದು. ಅದರಲ್ಲಿ ಹರ್ಷನನ್ನು ಸೋಲಿಸಿದ ಪುಲಕೇಶಿಯ ಪ್ರತಾಪವಿದೆ, ಕಂಚಿ ಗೆದ್ದ ವಿಕ್ರಮಾದಿತ್ಯನ ಹೊಗಳಿಕೆಯಿದೆ. ಕೊನೆಗೆ ವಿಷಯ: ಪಾನುಂಗಲ್ ಸೀಮೆಯ ಸುಳ್ಳಿಯೂರನ್ನು ಮಾಧವಶರ್ಮನೆಂಬ ಬ್ರಾಹ್ಮಣನಿಗೆ ಕೊಟ್ಟದ್ದು. ಹೊಳೆ ಯಾವ ಕಡೆ, ಸುತ್ತಲ ಊರುಗಳು ಯಾವುವು ಎಂದು ಎಲ್ಲೆಯನ್ನೂ ಹೇಳಿದ್ದಾರೆ. ಪಾನುಂಗಲ್ ಅಂದರೆ ಈಗಿನ ಹಾನಗಲ್ಲು. ವಕ್ಕಲೇರಿಯ ಒಂದು ಗುಂಟೆ ನೆಲದ ಮಾತೂ ಅದರಲ್ಲಿಲ್ಲ. ಸುಳ್ಳಿಯೂರಿನಲ್ಲಿ ಮಣ್ಣು ಅಗೆದವರ, ಉತ್ತವರ ಹೆಸರೂ ಇಲ್ಲ.

ತಾಮ್ರಕ್ಕೆ ಬರೆಸಲಾರದ ಜನ ನೆಲದ ಮಾತನ್ನು ಎಲ್ಲಿ ಇಟ್ಟುಕೊಂಡಿದ್ದರು? ನಾಲಗೆಯಲ್ಲಿ ಮತ್ತು ಕಾಲಿನಲ್ಲಿ. ಮೈಸೂರು ಸೀಮೆಯ ಹೊಲೆಯರ ಬಗ್ಗೆ ಕ್ಯಾಪ್ಟನ್ ಮೆಕೆಂಜಿ ಎಂಬ ಇಂಗ್ಲಿಷ್ ಅಧಿಕಾರಿ 1873ರಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಬರೆದದ್ದನ್ನು ನಮ್ಮ ಹುಡುಗರು ಓದಬೇಕು. ಎರಡೂರಿನ ನಡುವೆ ಗಡಿ ಜಗಳ ಬಂದರೆ ಕೊನೇ ಸಾಕ್ಷಿ ಕುಳುವಾಡಿಯದು. ಊರ ಮಣ್ಣಿನ ಉಂಡೆ ಮಾಡಿ, ನಡುವೆ ನೀರಿಟ್ಟು, ಅದನ್ನು ತಲೆ ಮೇಲೆ ಹೊತ್ತು ಅವನು ಎಲ್ಲೆಯುದ್ದಕ್ಕೂ ನಡೆಯಬೇಕು. ದಾರಿ ಸರಿಯಿದ್ದರೆ ಉಂಡೆ ಗಟ್ಟಿಯಾಗಿ ಉಳಿಯುತ್ತದೆ. ತಪ್ಪಿ ನಡೆದರೆ ಉಂಡೆ ಒಡೆಯುತ್ತದೆ, ಹದಿನೈದು ದಿನದೊಳಗೆ ಕುಳುವಾಡಿ ಸಾಯುತ್ತಾನೆ, ಅವನ ಮನೆ ಹಾಳು ಬೀಳುತ್ತದೆ. ಇದು ಜನರ ನಂಬಿಕೆ.

ಯಾರನ್ನು ಊರೊಳಕ್ಕೆ ಬಿಟ್ಟುಕೊಳ್ಳಲಿಲ್ಲವೋ ಅವನ ಕಾಲಿಗೇ ಊರಿನ ಎಲ್ಲೆ ಗೊತ್ತು! ಹೆಜ್ಜೆ ತಪ್ಪಿದರೆ ಸಾವು ಅವನಿಗೆ, ಹೆಜ್ಜೆ ಸರಿಯಾದರೆ ನೆಲ ಇನ್ನೊಬ್ಬನಿಗೆ. ಇದನ್ನು ಗೌರವ ಅನ್ನೋಣವಾ, ಬಿಟ್ಟಿ ಚಾಕರಿ ಅನ್ನೋಣವಾ? 1860ರ ದಶಕದಲ್ಲಿ ಮೈಸೂರಿನಲ್ಲಿ ರೆವಿನ್ಯೂ ಸರ್ವೆ ಶುರುವಾಗಿ ಸರಪಳಿ, ಬಾಂದುಗಲ್ಲು, ನಕ್ಷೆ ಬಂದವು. ಮಣ್ಣುಂಡೆಯ ಸಾಕ್ಷಿಗೆ ಬೆಲೆ ಹೋಯಿತು. ಅದನ್ನು ಹೊತ್ತವನಿಗೆ ನಕ್ಷೆಯೊಳಗೆ ಜಾಗ ಸಿಗಲಿಲ್ಲ.

ಕಾಗದವಿಲ್ಲದ ಜನ ಕಾಗದದ ಸರ್ಕಾರದ ಮುಂದೆ ನೆಲದ ಹಕ್ಕನ್ನು ಹೇಗೆ ಹೇಳಬೇಕು? ಇದೇ ಪ್ರಶ್ನೆ ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೂ ಎದುರಾಯಿತು. 1788ರಲ್ಲಿ ಬ್ರಿಟಿಷರು ಅಲ್ಲಿ ಬೀಡುಬಿಟ್ಟರು. ಆ ನೆಲ ಯಾರದೂ ಅಲ್ಲ ಎಂದೇ ಅವರ ಕಾನೂನು ಎಣಿಸಿತು. ಅಲ್ಲಿನವರ ತಿಳಿವಳಿಕೆಯೇ ಬೇರೆ. ಪೂರ್ವಿಕರು ಮನುಷ್ಯರಾಗಿ, ಪ್ರಾಣಿಗಳಾಗಿ ಈ ನೆಲದಲ್ಲಿ ನಡೆದರು. ಅವರು ತಂಗಿದಲ್ಲಿ ನೀರಿನ ಒರತೆ, ಕಾದಾಡಿದಲ್ಲಿ ಬೆಟ್ಟ. ಕಥೆ ಹೇಳುವುದೆಂದರೆ ದಾರಿ ಹೇಳುವುದು. ಒಂದೊಂದು ಕಥೆಗೂ ವಾರಸುದಾರರಿದ್ದಾರೆ. ಅವರ ಚಿತ್ರದಲ್ಲಿ ಸುತ್ತಿನೊಳಗೆ ಸುತ್ತು ಬಿಡಿಸಿದರೆ ಅದು ನೀರಿನ ತಾವೋ ಬೀಡೋ ಆಗಿರುತ್ತದೆ. ಶಹರದವರು ಅಂದದ ಚುಕ್ಕಿ ಎಂದು ನೋಡಿದ್ದು ಅವರ ಪಾಲಿಗೆ ಹಕ್ಕುಪತ್ರ.

1963ರಲ್ಲಿ ಯಿರ್ಕಾಲದ ಯೋಲ್ಂಗು ಜನರ ನೆಲವನ್ನು ಬಾಕ್ಸೈಟ್ ಗಣಿಗೆ ಕೊಟ್ಟಾಗ ಅವರು ಪಾರ್ಲಿಮೆಂಟಿಗೆ ಮನವಿ ಕಳಿಸಿದರು. ತಮ್ಮ ನುಡಿಯಲ್ಲೂ ಇಂಗ್ಲಿಷಿನಲ್ಲೂ ಟೈಪು ಮಾಡಿ, ಮರದ ತೊಗಟೆಗೆ ಅಂಟಿಸಿ, ಸುತ್ತ ತಮ್ಮ ಕುಲದ ಚಿತ್ತಾರ ಬರೆದರು. ಗಣಿ ನಿಲ್ಲಲಿಲ್ಲ. 1971ರಲ್ಲಿ ಕೋರ್ಟಿನಲ್ಲೂ ಸೋತರು. ಅದೇ ವರ್ಷ, ನೆಲ ಬಿಡಿಸಿ ಜನರನ್ನು ಕೂಡಿಹಾಕಿದ್ದ ಪಪುನ್ಯಾ ಎಂಬ ಮರುಭೂಮಿಯ ಕಾಲನಿಯಲ್ಲಿ, ಜೆಫ್ರಿ ಬಾರ್ಡನ್ ಎಂಬ ಮೇಷ್ಟರ ಒತ್ತಾಸೆಯಿಂದ ಹಿರಿಯರು ಶಾಲೆಯ ಗೋಡೆಗೆ ಜೇನಿರುವೆಯ ಕಥೆ ಬರೆದರು. ಆಮೇಲೆ ಆ ಗೋಡೆಗೆ ಬಣ್ಣ ಬಳಿದು ಮುಚ್ಚಿದರು. ಚಿತ್ರ ಮಾತ್ರ ಹಲಗೆಗೆ, ಕ್ಯಾನ್‌ವಾಸಿಗೆ ಇಳಿದು ಲೋಕವೆಲ್ಲ ಸುತ್ತಿತು.

1992ರ ಮಾಬೊ ತೀರ್ಪು 'ಯಾರದೂ ಅಲ್ಲದ ನೆಲ' ಎಂಬ ಸುಳ್ಳನ್ನು ತೆಗೆದುಹಾಕಿತು. 1997ರಲ್ಲಿ ಗ್ರೇಟ್ ಸ್ಯಾಂಡಿ ಮರುಭೂಮಿಯ 40ಕ್ಕೂ ಹೆಚ್ಚು ಮಂದಿ ಸೇರಿ 8 ಮೀಟರಿಗೆ 10 ಮೀಟರಿನ ಒಂದೇ ಚಿತ್ರ ಬರೆದರು. ಅದರ ಹೆಸರು ಙುರ್ರಾರ, ಅಂದರೆ ನಮ್ಮ ನೆಲೆ. ಮರುಭೂಮಿಯ ಜನ, ಆದರೆ ಚಿತ್ರದ ತುಂಬ ನೀರಿನ ಒರತೆಗಳು. ಹಕ್ಕಿನ ವಿಚಾರಣೆ ಮಾಡುವವರ ಮುಂದೆ ಅದನ್ನು ನೆಲಕ್ಕೆ ಹಾಸಿ, ತಂತಮ್ಮ ತಾವಿನ ಮೇಲೆ ಹೋಗಿ ನಿಂತು, ತಮ್ಮ ನುಡಿಯಲ್ಲಿ ಸಾಕ್ಷಿ ಹೇಳಿದರು. ಹತ್ತು ವರ್ಷ ಕಾದರು. 2007ರಲ್ಲಿ ಕೋರ್ಟು ಅವರ ಹಕ್ಕನ್ನು ಒಪ್ಪಿತು. ನಮ್ಮ ಕುಳುವಾಡಿ ಮಣ್ಣು ಹೊತ್ತು ನಡೆದದ್ದಕ್ಕೂ ಇವರು ಚಿತ್ರದ ಮೇಲೆ ನಡೆದದ್ದಕ್ಕೂ ಎಷ್ಟು ಹತ್ತಿರ! ಫಲದಲ್ಲಿ ಮಾತ್ರ ಎಷ್ಟು ದೂರ!

ಇದನ್ನು ಹಾಡಿ ಹೊಗಳಿ ಸುಮ್ಮನಾಗುವಂತಿಲ್ಲ. ಕ್ಲಿಫರ್ಡ್ ಪಾಸಮ್ ದನದ ಹಟ್ಟಿಗಳಲ್ಲಿ ದುಡಿದು ಬಂದ ಚಿತ್ರಕಾರ. ಬೇಟೆಯ ಕಾಂಗರೂವನ್ನು ಹಂಚಿ ತಿನ್ನದ ಇಬ್ಬರು ಮಕ್ಕಳನ್ನು ತಂದೆಯೇ ಬೆಂಕಿಗೆ ಕೊಟ್ಟ ಕಥೆಯನ್ನು 1977ರಲ್ಲಿ ಬರೆದ. ಆಗ ಅದು ಮಾರಿದ್ದು 1,200 ಡಾಲರಿಗೆ. ಅವನು ಸತ್ತು ಐದು ವರ್ಷದ ಮೇಲೆ, 2007ರಲ್ಲಿ, ಹರಾಜಾದದ್ದು 24 ಲಕ್ಷ ಡಾಲರಿಗೆ. ಹಂಚಿ ತಿನ್ನದವರ ಕಥೆಯನ್ನೂ ಮಾರುಕಟ್ಟೆ ಹಂಚದೆ ತಿಂದಿತು! ಅವರ ಜನ ಇನ್ನೊಂದು ಎಚ್ಚರವನ್ನೂ ಕಲಿತರು. ಗುಟ್ಟಿನ ಗುರುತುಗಳು ಹೊರಗಿನವರ ಕಣ್ಣಿಗೆ ಬೀಳುತ್ತಿವೆ ಎಂದು ನೆಂಟರೇ ತಕರಾರು ತೆಗೆದ ಮೇಲೆ, ಅವುಗಳ ಮೇಲೆ ಚುಕ್ಕಿಯಿಟ್ಟು ಮರೆಮಾಡಿದರು.

ನಮ್ಮದೂ ಜೀವನದಿಯಿಲ್ಲದ ಸೀಮೆ, ಕೆರೆಗಳ ಸೀಮೆ. ವಕ್ಕಲೇರಿ ಅಂದರೆ ಕಿವಿಗೆ ಮೊದಲು ಕೇಳುವುದೇ ಏರಿ. ಆವಣಿ ಬೆಟ್ಟದಲ್ಲಿ ಸೀತೆ ಹೆತ್ತಳಂತೆ, ಕೋಲಾರದಲ್ಲಿ ಪರಶುರಾಮ ಕಾರ್ತವೀರ್ಯನನ್ನು ಕೊಂದನಂತೆ. ಇಂಥ ಪುರಾಣಗಳು ಬೆಟ್ಟದ ಮೇಲೆ ಕೂತಿವೆ. ಬೆಟ್ಟದ ಕೆಳಗೆ ತೂಬು, ಕೋಡಿ, ಕಾಲುವೆಗಳನ್ನು ಕಾದು, ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚಿದ ನೀರಗಂಟಿಯ ಕಥೆ ಯಾವ ಸ್ಥಳಪುರಾಣದಲ್ಲಿದೆ? ಬಹುಪಾಲು ಆ ಕೆಲಸ ಮಾಡಿದವರು ನಮ್ಮ ಕೇರಿಯವರು. 1961ರ ಕಾಯಿದೆ ಊರ ಹುದ್ದೆಗಳನ್ನು ತೆಗೆದು ಇನಾಮು ನೆಲವನ್ನು ಮರುಮಂಜೂರು ಮಾಡಲು ದಾರಿ ಮಾಡಿತು. ದಲಿತರಿಗೆ ಮಂಜೂರಾದ ನೆಲ ಕೈಬಿಟ್ಟು ಹೋಗಿದ್ದರೆ ವಾಪಸು ಕೊಡಿಸಲು 1978ರಲ್ಲಿ ಪಿ.ಟಿ.ಸಿ.ಎಲ್. ಕಾಯಿದೆ ಬಂತು. ತಡವಾಗಿ ಬಂದ ಅರ್ಜಿ ನಿಲ್ಲದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾಲಮಿತಿ ಇಲ್ಲ ಎಂದು 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದಿತು. ಏನೇ ತಂದರೂ ಕಚೇರಿ ಮೊದಲು ಕೇಳುವುದು ಒಂದೇ: "ಕಾಗ್ದ ಎಲ್ಲೈತೆ? ಸಾಗುವಳಿ ಚೀಟಿ ಎಲ್ಲೈತೆ?"

ಗೆಳೆಯರೇ, ಕಾಗದ ಹುಡುಕೋಣ, ಕೋರ್ಟಿಗೂ ಹೋಗೋಣ. ಅದರ ಜೊತೆಗೇ ಕೇರಿಯ ಮುದುಕ ಮುದುಕಿಯರನ್ನು ಕರೆದುಕೊಂಡು ಎಲ್ಲೆ ನಡೆಯೋಣ. ಯಾವ ಬಂಡೆಗೆ ಯಾವ ಹೆಸರು, ಗುಂಡುತೋಪು ಎಲ್ಲಿತ್ತು, ಯಾವ ತೂಬಿನ ನೀರು ಯಾರ ಗದ್ದೆಗೆ ಹರಿಯುತ್ತಿತ್ತು, ಯಾವ ತುಂಡು ಯಾರ ಸಾಲಕ್ಕೆ ಹೋಯಿತು ಎಂದು ಕೇಳೋಣ. ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಕೇರಿಯ ಗೋಡೆ ಮೇಲೆ ಬಿಡಿಸೋಣ. ಏನು ತೋರಿಸಬೇಕು, ಏನು ಮುಚ್ಚಬೇಕು ಅನ್ನೋದನ್ನು ಅವರೇ ಹೇಳಲಿ. ಸಾಕ್ಷಿ ಹೇಳುವವರು ಇನ್ನೂ ಬದುಕಿದ್ದಾರೆ. ಅಕ್ಷರ ಕಲಿತ ಮಕ್ಕಳು ಅವರ ಹಿಂದೆ ನಡೆಯಬೇಕು, ಅಷ್ಟೇ.