ಒಂದಾಣೆ ಸೆಸ್ಸಿನಿಂದ ಶಾಲಾ ಅನುದಾನದವರೆಗೆ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಿಂದ ಬಾದಾಮಿಗೆ ಹೊರಳುವವರಿಗೆ ಕುಳಗೇರಿ ಕ್ರಾಸ್ ಚಿರಪರಿಚಿತ. ಇಂಥ ಊರುಗಳಲ್ಲಿ ಮನೆ, ಚಹಾದಂಗಡಿ, ಗ್ಯಾರೇಜು ಎಲ್ಲಕ್ಕೂ ಪಂಚಾಯಿತಿ ಕರವಿದೆ. ಆ ಕರದ ಮೇಲೆ ಗ್ರಂಥಾಲಯ, ಆರೋಗ್ಯ, ಭಿಕ್ಷುಕರ ಉಪಕರಗಳ ಜೊತೆ ಶಿಕ್ಷಣದ ಉಪಕರವೂ ಸೇರುತ್ತದೆ. ಆದರೆ ‘ಇದರಾಗ ನಮ್ಮ ಸಾಲಿಗೆ ಎಷ್ಟು ಬಂತು?’ ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಗೆ ನೂರೈವತ್ತು ವರ್ಷದ ಹಿನ್ನೆಲೆಯಿದೆ.

ಆಗ ಬಾದಾಮಿ, ಹುನಗುಂದ ಕಲಾದಗಿ ಜಿಲ್ಲೆಯಲ್ಲಿದ್ದವು. ಮುಂಬಯಿ ಸರಕಾರ 1869ರ ಕಾಯ್ದೆಯಲ್ಲಿ ಭೂಕಂದಾಯದ ರೂಪಾಯಿಗೆ ಒಂದಾಣೆ ‘ಲೋಕಲ್ ಫಂಡ್’ ಸೆಸ್ಸು ಹಾಕಿತು. ಮೂರರಲ್ಲೊಂದು ಪಾಲು ಶಿಕ್ಷಣಕ್ಕೆ, ಉಳಿದದ್ದು ರಸ್ತೆ ಮೊದಲಾದ ಕೆಲಸಗಳಿಗೆ. ಹದಿನಾರು ರೂಪಾಯಿ ಕಂದಾಯದ ರೈತ ಒಂದು ರೂಪಾಯಿ ಸೆಸ್ಸು ಕೊಟ್ಟರೆ ಅದರಲ್ಲಿ ಐದಾಣೆ ನಾಲ್ಕು ಪೈ ಅಕ್ಷರಕ್ಕೆ. ದರ ಸರಕಾರದ್ದು, ಹಣ ರೈತನದ್ದು. ಸೆಸ್ಸು ಕಂದಾಯದ ಬೆನ್ನಿಗೇ ಅಂಟಿಕೊಂಡಿದ್ದರಿಂದ ಮಳೆ ಕೈಕೊಟ್ಟು ಕಂದಾಯ ನಿಂತರೆ ಸಾಲಿಯ ಪಾಲೂ ನಿಲ್ಲುವಂತಿತ್ತು. 1876–78ರ ಬರ ಕಂಡ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಾಲೆಗಳ ಆಡಳಿತವನ್ನು ಲೋಕಲ್ ಬೋರ್ಡು, ಪುರಸಭೆಗಳಿಗೆ ವಹಿಸಿತು. 1947ರ ಕಾಯ್ದೆಯಲ್ಲಿ ಜಿಲ್ಲಾ ಸ್ಕೂಲ್ ಬೋರ್ಡುಗಳಿದ್ದವು. ಸ್ಥಳೀಯ ತೆರಿಗೆಯಿಂದ ಶಾಲೆ ನಡೆಸುವ ಅಮೆರಿಕದ ‘ಸ್ಕೂಲ್ ಡಿಸ್ಟ್ರಿಕ್ಟಿ’ಗೆ ನಮ್ಮ ಭಾಗದಲ್ಲಿ ಅತಿ ಹತ್ತಿರ ಬಂದ ವ್ಯವಸ್ಥೆ ಅದೇ ಎಂದು ನನ್ನ ಎಣಿಕೆ. ಏಕೀಕರಣದ ನಂತರ ಮಾಸ್ತರರ ಪಗಾರದ ಭಾರ ರಾಜ್ಯದ ಬೊಕ್ಕಸದ ಮೇಲೆ ಬಿತ್ತು. ಅದು ಒಳ್ಳೆಯದೇ ಆಯಿತು: ಬಡ ಊರಿನ ಮಾಸ್ತರರ ಪಗಾರ ಆ ಊರಿನ ಬಡತನಕ್ಕೆ ಕಟ್ಟುಬೀಳಬೇಕಾಗಲಿಲ್ಲ. ಆದರೆ ಲೆಕ್ಕ ಹಾಕುವ ಅಧಿಕಾರವೂ ಪಗಾರದ ಜೊತೆಗೇ ಊರು ಬಿಟ್ಟು ಹೋಯಿತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಹೀಗೇ ಆಯಿತು, ದಾರಿ ಮಾತ್ರ ಬೇರೆ. 1978ರಲ್ಲಿ ಅಲ್ಲಿನ ಮತದಾರರು ಆಸ್ತಿ ತೆರಿಗೆಗೆ ಶೇ. 1ರ ಮಿತಿ ಹಾಕಿದರು. ಸ್ಥಳೀಯ ತೆರಿಗೆಯನ್ನೇ ನೆಚ್ಚಿದ್ದ ಶಾಲೆಗಳು ರಾಜ್ಯದ ಕಡೆ ಕೈ ಚಾಚಬೇಕಾಯಿತು. ನಮ್ಮಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮ ಗ್ರಾಮ ಪಂಚಾಯಿತಿಗೆ ಕರ ಹಾಕುವ ಅಧಿಕಾರ ಕೊಟ್ಟಿತು, ದರದ ಗೆರೆಯನ್ನೂ ಎಳೆಯಿತು. ಮೇಲಿನ ರಾಜ್ಯಕ್ಕೂ ಗೆರೆಯುಂಟು: 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಕೊರತೆಗೆ ಮಿತಿ ಹಾಕಿತು, 2017ರ ಜಿಎಸ್‌ಟಿ ಹೊಸ ತೆರಿಗೆಯ ದಾರಿ ಕಿರಿದು ಮಾಡಿತು. ಕೇಂದ್ರ 2004ರಿಂದ ವಸೂಲಿ ಮಾಡುವ ಶಿಕ್ಷಣ ಸೆಸ್ಸಿನಲ್ಲಿ ರಾಜ್ಯಕ್ಕೆ ತೆರಿಗೆ ಪಾಲಿನ ಹಕ್ಕಿಲ್ಲ.

ಇಷ್ಟೆಲ್ಲ ಇಳಿದು ಬಂದ ಮೇಲೆ ಹೆಡ್ ಮಾಸ್ತರರ ಟೇಬಲ್ಲಿಗೆ ಏನು ಬರುತ್ತದೆ? 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣದ ಲೆಕ್ಕದಂತೆ 101ರಿಂದ 250 ಮಕ್ಕಳ ಶಾಲೆಗೆ ವರ್ಷದ ಸಂಯುಕ್ತ ಅನುದಾನ 50,000 ರೂಪಾಯಿವರೆಗೆ. 180 ಮಕ್ಕಳ ಶಾಲೆ ಎಂದಿಟ್ಟುಕೊಳ್ಳಿ. ಸ್ವಚ್ಛತೆಗೆಂದು ಕನಿಷ್ಠ ಶೇ. 10, ಅಂದರೆ 5,000 ತೆಗೆದಿಡಬೇಕು. ಉಳಿದ 45,000ವನ್ನು ಹಂಚಿದರೆ ಮಗುವಿಗೆ ವರ್ಷಕ್ಕೆ 250 ರೂಪಾಯಿ. ಶಾಲೆ 220 ದಿನ ನಡೆದರೆ ದಿನಕ್ಕೆ ಒಂದು ರೂಪಾಯಿ ಚಿಲ್ಲರೆ. ಸೀಮೆಸುಣ್ಣ, ರಿಜಿಸ್ಟರು, ಜೆರಾಕ್ಸು, ಕೆಟ್ಟ ಫ್ಯಾನು, ಒಡೆದ ನಲ್ಲಿ, ಸೋರುವ ಹಂಚು, ಎಲ್ಲವೂ ಆ ರೂಪಾಯಿಯಲ್ಲೇ. ಒಂದಕ್ಕೆ ವೋಚರ್ ಬರೆದರೆ ಕ್ಯಾಶ್ ಬುಕ್ಕಿನಲ್ಲಿ ಇನ್ನೊಂದು ಮುಂದಿನ ವರ್ಷಕ್ಕೆ ಜಾರುತ್ತದೆ. ಮೊದಲು ಕರೆಂಟ್ ಬಿಲ್ಲೂ ಇದರ ಮೇಲೇ ಬೀಳುತ್ತಿತ್ತು. ಸರಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತ ಎಂದು 2023ರ ನವೆಂಬರ್ 1ರಂದು ಸರಕಾರ ಸಾರಿದ್ದು ದೊಡ್ಡ ಸಮಾಧಾನ.

2001ರಿಂದ ಶಾಲೆಗೊಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಅಭಿವೃದ್ಧಿ ಯೋಜನೆ ಬರೆಯುವ ಹೊಣೆಯನ್ನು ಪಾಲಕರೇ ಹೆಚ್ಚಾಗಿರುವ ಸಮಿತಿಗೆ ಕೊಟ್ಟಿತು. ಯೋಜನೆ ಅವರದು, ಚೀಲದ ಬಾಯಿ ಬೇರೆಯವರ ಕೈಯಲ್ಲಿ. ಶಾಲೆಯ ಹಣದ ಕೊರತೆ ನೀಗಲು ಪಾಲಕರಿಂದ ತಿಂಗಳಿಗೆ 100 ರೂಪಾಯಿ ಸ್ವಯಂಪ್ರೇರಿತ ದೇಣಿಗೆ ಪಡೆಯಬಹುದೆಂದು 2022ರ ಅಕ್ಟೋಬರಿನಲ್ಲಿ ಹೊರಬಿದ್ದ ಸುತ್ತೋಲೆ, ವಿರೋಧ ಎದ್ದ ಕೂಡಲೇ ವಾಪಸಾಯಿತು. ವಾಪಸಾದದ್ದೇ ಸರಿ. ಕೂಲಿಗೆ ಹೋಗುವ ತಾಯಿಯಿಂದ ಪಟ್ಟಿ ಎತ್ತುವುದು ಬಜೆಟ್ಟಲ್ಲ.

ಇಳಕಲ್ಲಿನಿಂದ ಜಿಲ್ಲೆಯ ಗಡಿ ದಾಟಿ ಕುಷ್ಟಗಿ ತಾಲ್ಲೂಕಿಗೆ ಹೋದರೆ ಅಲ್ಲಿಯ ಶಾಲೆಗಳಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದ ಆಸರೆಯಿದೆ. ಆ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿಯ ಗೆರೆಯ ಈಚೆಗಿರುವ ಹುನಗುಂದ, ಬಾದಾಮಿಗೆ ಅದಿಲ್ಲ. ಬಿಸಿಲು, ಬರ ಎರಡೂ ಕಡೆ ಒಂದೇ. ಹಾಗಾಗಿ ಇಲ್ಲಿ ಪಂಚಾಯಿತಿ ಪಾಲು ಇನ್ನೂ ಮುಖ್ಯ. ಹದಿನೈದನೇ ಹಣಕಾಸು ಆಯೋಗ ನೀರು–ನೈರ್ಮಲ್ಯಕ್ಕೆಂದೇ ಕಟ್ಟಿಟ್ಟ ಹಣದಲ್ಲಿ ಶಾಲೆಯ ಶೌಚಾಲಯಕ್ಕೆ ಜಾಗವಿತ್ತು. ಕೇಳಿ ಪಡೆದ ಊರಿಗೆ ಸಿಕ್ಕಿತು.

ಪಂಚಾಯಿತಿ ಬಜೆಟ್ ಕೂಡುವುದು ಫೆಬ್ರುವರಿ–ಮಾರ್ಚಿನಲ್ಲಿ. ಎಸ್‌ಡಿಎಂಸಿಯ ಯೋಜನೆ ಅದಕ್ಕೂ ಮೊದಲೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೈಗೆ ಮುಟ್ಟಬೇಕು. ಪಾಲಕರೇ, ಬರುವ ಗ್ರಾಮಸಭೆಯಲ್ಲಿ ಶಿಕ್ಷಣ ಉಪಕರ ಎಷ್ಟು ವಸೂಲಾಯಿತು, ಎಲ್ಲಿಗೆ ಹೋಯಿತು ಎಂದು ಕೇಳಿ, ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಸಿ.